ಬೆಂಡಿನ ಗುಂಡು ಸರಿದ ಏಳು ಗೆರೆ

ನನ್ನ ಮೊಮ್ಮಗಳು ಮಂಜುಳಾಗೆ ಮುಳಬಾಗಿಲಿನ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಕೆಲಸ ಆಯಿತು. ಆರ್ಡರು ಹಿಡಿದುಕೊಂಡು ಬಂದವಳು, "ಅಜ್ಜಿ, ಗಾಜು ತೊಳೆಯೋದು, ಬಾಗಿಲು ಹಾಕೋದು, ಅಷ್ಟೇ ತಾನೇ?" ಅಂದಳು.

"ಅಷ್ಟೇ ಆಗಿದ್ರೆ ಅಷ್ಟು ವರ್ಷ ನಾನೇನು ಬಚ್ಚಲು ಮನೇಲಿ ಇದ್ನೇನೇ?" ಅಂದೆ.

ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಂಥ ಬೇರೆಯವರು ಓದಿದರೂ ನಷ್ಟವಿಲ್ಲ. ನಾನು ಓದಿರುವುದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ. ಕೆಲಸದ ವಿಷಯದಲ್ಲಿ ತಿದ್ದಲು ಬರಬೇಡಿ.

ಕೋಲಾರದ ಹೈಸ್ಕೂಲಿನ ಸೈನ್ಸ್ ರೂಮಿನಲ್ಲಿ ನನ್ನ ಗಂಡ ಅಟೆಂಡರ್ ಆಗಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ. ನನಗೆ ಎರಡು ಹೆಣ್ಣುಮಕ್ಕಳು, ದೊಡ್ಡದಕ್ಕೆ ಆರು ವರ್ಷ. ಹನ್ನೆರಡನೇ ದಿನ ಕಳೆದ ಮೇಲೆ ಸ್ಕೂಲಿಗೆ ಹೋಗಿ ಹೆಡ್‌ಮೇಷ್ಟ್ರ ಮುಂದೆ ನಿಂತೆ.

"ಕಸ ಗುಡಿಸೋ ಕೆಲಸ ಇದ್ರೆ ಕೊಡಿ ಸ್ವಾಮಿ."

"ಅದಕ್ಕೆ ಜನ ಇದಾರಮ್ಮ. ಖಾಲಿ ಇರೋದು ನಿನ್ನ ಗಂಡನ ಜಾಗ. ಅದು ಹೆಂಗಸರ ಕೆಲಸ ಅಲ್ಲ."

ಪಕ್ಕದಲ್ಲಿ ಸೈನ್ಸ್ ಮೇಷ್ಟ್ರು ಸುಬ್ಬರಾಯಪ್ಪನವರು ಕೂತಿದ್ದರು. ಸಣಕಲು ಆಳು, ಕೋಟಿನ ಮೇಲೆಲ್ಲ ಸೀಮೆಸುಣ್ಣ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ತವರು ಮನೆ ಎಲ್ಲಮ್ಮ? ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು.

"ಬೈರಕೂರು ಸ್ವಾಮಿ. ಮದುವೆಗೆ ಬೆಂಡಿನ ಬಾಸಿಂಗ ಕಟ್ತೀವಿ."

"ಇವಳು ಆಗ್ತಾಳೆ ಸಾರ್" ಅಂದರು.

ಹೆಡ್‌ಮೇಷ್ಟ್ರು ಒಪ್ಪಿದರು, ಆದರೆ ಒಂದು ಗಂಟು ಹಾಕಿದರು. ಆ ವರ್ಷ ದಸರಾ ಕಳೆದ ಮೇಲೆ ಇನ್‌ಸ್ಪೆಕ್ಟರು ಬರುತ್ತಾರೆ. ಅವರು ಸೈನ್ಸ್ ರೂಮು ನೋಡಿ ಸರಿಯಿದೆ ಎಂದು ಬರೆದರೆ ಕೆಲಸ ಖಾಯಂ. ಇಲ್ಲದಿದ್ದರೆ ಗಂಡಾಳನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿಯ ತನಕ ರೂಮಿನ ಬೀಗದ ಕೈ ಕೂಡ ನನ್ನ ಕೈಗೆ ಬರಲಿಲ್ಲ. ಜವಾನ ಪೀರ್‌ಸಾಬಿ ಬಂದು ತೆಗೆಯಬೇಕಿತ್ತು. "ಯಾಕವ್ವಾ ಇಷ್ಟು ಬೇಗ ಬಂದ್ಬಿಟ್ಟೆ, ನಿನ್ನ ಗಾಜೇನು ಹಸುವಾ, ಹಾಲು ಕರೆಯೋಕೆ?" ಎಂದು ದಿನಾ ರೇಗಿಸುತ್ತಿದ್ದ.

ಮೊದಲನೇ ದಿನ ಮೇಷ್ಟ್ರು ಗಾಜಿನ ಕೋಲೊಂದನ್ನು ಕೊಟ್ಟು ರೇಷ್ಮೆ ಬಟ್ಟೆಯಲ್ಲಿ ಉಜ್ಜು ಅಂದರು. ಉಜ್ಜಿದೆ. ಮೇಜಿನ ಮೇಲೆ ಕಾಗದದ ಚೂರು ಹರಡಿದ್ದರು. ಕೋಲು ಹತ್ತಿರ ಹಿಡಿದರೆ ಚೂರುಗಳು ಸತ್ತ ಹಾಗೆ ಬಿದ್ದಿದ್ದವು. ಅವರು ಕೋಲನ್ನು ತಗೊಂಡು ತೊಳೆದು, ಒಣಗಿಸಿ, ತಾವೇ ಉಜ್ಜಿ ಹಿಡಿದರು. ಚೂರುಗಳು ಎದ್ದು ನಿಂತು ಕೋಲಿಗೆ ಹಾರಿ ಅಂಟಿಕೊಂಡವು. ನನಗೆ ಮೈ ಜುಮ್ಮೆಂದಿತು.

"ಇದೇನು ಸ್ವಾಮಿ, ಮಂತ್ರವಾ?"

"ಮಂತ್ರ ಆಗಿದ್ರೆ ನಿನ್ನ ಕೈಲೂ ಆಗ್ತಿತ್ತು. ಕೈ ಮೂಸಿ ನೋಡ್ಕೋ."

ಹರಳೆಣ್ಣೆ. ಬೆಳಿಗ್ಗೆ ಮಕ್ಕಳ ತಲೆಗೆ ಎಣ್ಣೆ ಹಾಕಿ ಅದೇ ಕೈಯಲ್ಲಿ ಬಂದಿದ್ದೆ. ಎಣ್ಣೆಗೆ ಹತ್ತಿದ ಧೂಳು, ಬೆವರು, ತೇವ ಎಲ್ಲ ಸೇರಿ, ಗಾಜಿನ ಮೇಲೆ ಹುಟ್ಟಿದ ವಿದ್ಯುತ್ತು ಅಲ್ಲೇ ಸೋರಿಹೋಗುತ್ತದೆ ಎಂದು ಹೇಳಿಕೊಟ್ಟರು. ಆವತ್ತಿನಿಂದ ಸೀಗೆಪುಡಿಯಲ್ಲಿ ಕೈ ತೊಳೆಯದೆ ನಾನು ಆ ಕೋಲನ್ನು ಮುಟ್ಟಿಲ್ಲ. ಉಜ್ಜಲು ಇದ್ದ ಬಟ್ಟೆ ಹರಿದಿತ್ತು. ನನ್ನ ಧಾರೆ ಸೀರೆ ಪೆಟ್ಟಿಗೆಯಲ್ಲಿತ್ತು. ಇನ್ನು ಉಡುವ ಹಾಗಿರಲಿಲ್ಲ, ಸೆರಗು ಕತ್ತರಿಸಿ ತಂದುಕೊಟ್ಟೆ. ಮೇಷ್ಟ್ರು ಬೇಡ ಬೇಡ ಅಂದರು. "ಹುಳ ತಿನ್ನೋ ಬದಲು ಗಾಜು ತಿನ್ನಲಿ ಬಿಡಿ ಸ್ವಾಮಿ" ಅಂದೆ. ಒಳ್ಳೆಯ ರೇಷ್ಮೆ ಅದು, ಬಹಳ ವರ್ಷ ಬಾಳಿತು.

ಈಗ ಅಸಲು ಕೆಲಸಕ್ಕೆ ಬರುತ್ತೇನೆ. ವಿದ್ಯುತ್ತು ತುಂಬಿದ ಎರಡು ವಸ್ತು ಎದುರುಬದುರು ಇದ್ದರೆ ಒಂದನ್ನೊಂದು ನೂಕುತ್ತವೆ ಅಥವಾ ಎಳೆಯುತ್ತವೆ. ಅದು ಎಲ್ಲ ಪುಸ್ತಕದಲ್ಲೂ ಇದೆ. ಎಷ್ಟು ಬಲವಾಗಿ ನೂಕುತ್ತವೆ ಎಂದು ಲೆಕ್ಕ ಹಾಕುವುದು ಸುಬ್ಬರಾಯಪ್ಪನವರ ಹುಚ್ಚು. ಬೇರೆ ಮೇಷ್ಟ್ರುಗಳು ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದರು. ಇವರು ಕಣ್ಣಿಗೆ ಕಾಣಿಸಬೇಕು ಅನ್ನುವವರು.

ಇದಕ್ಕೆ ಎರಡು ಹಗುರವಾದ ಗುಂಡು ಬೇಕು. ಪರದೇಶದಿಂದ ಬಂದಿದ್ದ ಗುಂಡುಗಳನ್ನು ಜಿರಲೆ ತಿಂದಿದ್ದವು. ಯುದ್ಧವಾಗಿ ಹೊಸದು ಬರುತ್ತಿರಲಿಲ್ಲ. ಮೇಷ್ಟ್ರು ಡಬ್ಬಿ ತೆಗೆದು ತೋರಿಸಿ, "ಇದರಂಥದ್ದು ಎಲ್ಲಿ ಸಿಗುತ್ತೋ" ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. ನೋಡಿದರೆ ನಮ್ಮ ಬಾಸಿಂಗದ ಬೆಂಡು, ಕೆರೆಯಲ್ಲಿ ಬೆಳೆಯುವ ಗಿಡದ ಹಗುರವಾದ ತಿರುಳು.

"ಇದಕ್ಕೆ ಹಡಗು ಯಾಕೆ ಸ್ವಾಮಿ? ನಮ್ಮಪ್ಪನ ಅಟ್ಟದ ಮೇಲೆ ಕಟ್ಟುಗಟ್ಟಲೆ ಬಿದ್ದಿದೆ."

ಬೈರಕೂರಿಗೆ ಹೋಗಿ ಬೆಂಡು ತಂದು, ಬಾಸಿಂಗದ ಚಾಕುವಿನಲ್ಲಿ ಕೆತ್ತಿದೆ. ಮದುವೆ ಗಂಡಿನ ಬಾಸಿಂಗಕ್ಕೂ ಹೆಣ್ಣಿನ ಬಾಸಿಂಗಕ್ಕೂ ಒಂದೇ ಅಳತೆಯ ಮೊಗ್ಗು ಕೆತ್ತಿ ಅಭ್ಯಾಸವಿದ್ದ ಕೈ. ಬಟಾಣಿಗಿಂತ ಸ್ವಲ್ಪ ದಪ್ಪ. ಮೇಷ್ಟ್ರು ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ಒಂದೊಂದೇ ತೂಗಿದರು. ಆರರಲ್ಲಿ ಮೂರು ಒಂದೇ ತೂಕ. ಅವರು ಎರಡು ಸಲ ತೂಗಿ, ಕನ್ನಡಕ ತೆಗೆದು ಒರೆಸಿಕೊಂಡು, "ಏನಮ್ಮಾ ನಾರಾಯಣಮ್ಮ, ಇಷ್ಟು ದಿನ ಎಲ್ಲಿದ್ದೆ?" ಅಂದರು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಗುಂಡಿನ ಮೇಲೆ ಪೆನ್ಸಿಲಿನ ಸೀಸ ತಿಕ್ಕಬೇಕು, ವಿದ್ಯುತ್ತು ಎಲ್ಲ ಕಡೆ ಸಮನಾಗಿ ಹರಡಲು. ಒಂದು ಗುಂಡನ್ನು ಹುರಿಮಾಡದ ರೇಷ್ಮೆ ಎಳೆಯಲ್ಲಿ ತೂಗುಹಾಕಬೇಕು. ಇನ್ನೊಂದನ್ನು ಅರಗು ಬಳಿದ ಗಾಜಿನ ಕಡ್ಡಿಯ ತುದಿಗೆ ಸಿಕ್ಕಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಸ್ಟ್ಯಾಂಡು ಅಲುಗಬಾರದೆಂದು ಶಿವಾರಪಟ್ಟಣದ ಶಿಲ್ಪಿಯೊಬ್ಬರು ಕಲ್ಲಿನ ಪೀಠ ಮಾಡಿಕೊಟ್ಟಿದ್ದರು. ಎಷ್ಟು ಮಟ್ಟಸವೆಂದರೆ ಅದರ ಮೇಲೆ ಗೋಲಿ ಇಟ್ಟರೂ ಉರುಳುತ್ತಿರಲಿಲ್ಲ. ತೂಗುವ ಗುಂಡಿನ ಹಿಂದೆ ಕನ್ನಡಿ ಪಟ್ಟಿ, ಅದರ ಮೇಲೆ ಗೆರೆಗಳು, ಅಂಗುಲಕ್ಕೆ ಹತ್ತು.

ಎರಡೂ ಗುಂಡಿಗೆ ಉಜ್ಜಿದ ಕೋಲು ಮುಟ್ಟಿಸಿದರೆ ಎರಡಕ್ಕೂ ಒಂದೇ ಜಾತಿಯ ವಿದ್ಯುತ್ತು ಬರುತ್ತದೆ. ತೂಗುವ ಗುಂಡು ಹಿಂದಕ್ಕೆ ಸರಿಯುತ್ತದೆ. ಎಷ್ಟು ಗೆರೆ ಸರಿಯಿತು ಎಂದು ಓದುವುದು ನನ್ನ ಕೆಲಸ. ಒಂದು ಕಣ್ಣು ಮುಚ್ಚಿ, ಗುಂಡು ಕನ್ನಡಿಯಲ್ಲಿರುವ ತನ್ನದೇ ಬಿಂಬವನ್ನು ಪೂರ್ತಿ ಮರೆ ಮಾಡುವ ಹಾಗೆ ತಲೆ ಹಿಡಿದು ಓದಬೇಕು. ತಲೆ ವಾರೆಯಾದರೆ ಒಂದು ಗೆರೆ ಹೆಚ್ಚು ಕಡಿಮೆ ಆಗಿಬಿಡುತ್ತದೆ. ಗುಂಡಿನ ತೂಕ, ದಾರದ ಉದ್ದ, ಸರಿದ ಗೆರೆ, ಈ ಮೂರು ಗೊತ್ತಾದರೆ ನೂಕುವ ಬಲ ಎಷ್ಟು ಎಂದು ಮೇಷ್ಟ್ರು ಬೋರ್ಡಿನ ಮೇಲೆ ತೆಗೆದುಬಿಡುತ್ತಿದ್ದರು. ಒಂದು ಅಕ್ಕಿ ಕಾಳಿನ ತೂಕದಲ್ಲಿ ನೂರನೇ ಪಾಲೂ ಇಲ್ಲದ ಬಲ. ಕಣ್ಣಿಗೆ ಕಾಣದ್ದನ್ನು ದಾರದಲ್ಲಿ ಕಟ್ಟಿ ತೂಗಿದ ಹಾಗೆ. ಈಗಲೂ ನೆನೆಸಿಕೊಂಡರೆ ಭಲೇ ಅನ್ನಿಸುತ್ತದೆ.

ಅದರಲ್ಲಿ ಎರಡು ಸಂಗತಿ ನನಗೆ ಬಲು ಇಷ್ಟ. ಒಂದು, ನಿಂತಿರುವ ಗುಂಡಿಗೆ ಅದೇ ಅಳತೆಯ ಖಾಲಿ ಗುಂಡು ಮುಟ್ಟಿಸಿದರೆ ಎರಡೂ ವಿದ್ಯುತ್ತನ್ನು ಸರಿಯಾಗಿ ಅರ್ಧರ್ಧ ಹಂಚಿಕೊಳ್ಳುತ್ತವೆ, ನೂಕುವ ಬಲವೂ ಅರ್ಧವಾಗುತ್ತದೆ. ಅಣ್ಣತಮ್ಮಂದಿರೂ ಅಷ್ಟು ನೆಟ್ಟಗೆ ಪಾಲು ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ. ಎರಡನೆಯದು, ಗುಂಡುಗಳ ನಡುವಿನ ದೂರ ಅರ್ಧ ಮಾಡಿದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ನಾಲ್ಕು ಅಂಗುಲದಲ್ಲಿ ಎರಡು ಗೆರೆ ಸರಿದರೆ, ಎರಡು ಅಂಗುಲದಲ್ಲಿ ಎಂಟು ಗೆರೆ.

ಇದನ್ನು ಮೇಷ್ಟ್ರು ನನಗೆ ಮೊದಲು ಹೇಳಿರಲೇ ಇಲ್ಲ. "ಎಷ್ಟು ಬರಬೇಕು ಅಂತ ಗೊತ್ತಿರೋ ಕಣ್ಣು ಸುಳ್ಳು ಹೇಳುತ್ತೆ ಕಣಮ್ಮ. ಹುಡುಗರು ಪುಸ್ತಕ ಓದಿಬಿಟ್ಟಿದಾರೆ. ನೀನು ಕಂಡಿದ್ದು ಹೇಳು" ಅನ್ನುತ್ತಿದ್ದರು. ಆದರೆ ದಿನಾ ಕೇಳಿ ಕೇಳಿ ನನಗೂ ಗೊತ್ತಾಗಿಬಿಟ್ಟಿತು. ಕಿವಿಗೆ ಬೀಗ ಇಲ್ಲವಲ್ಲ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಸ್ಕೂಲಿನವರು ತೋರಿಸಿ ಅಂದರು. ಆಗ ಪೆಟ್ರೋಲು ಇರಲಿಲ್ಲ, ಇದ್ದಿಲ ಬಸ್ಸು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೋದೆ. ಅಲ್ಲಿ ಕಿಟಕಿ ತುಂಬ ಜನ. ಗುಂಡು ತಾನಾಗಿ ಹಿಂದಕ್ಕೆ ಸರಿದಾಗ ಒಬ್ಬ ಅಜ್ಜಿ ತೆಲುಗಿನಲ್ಲಿ, "ಏಮಮ್ಮಾ ಇದಿ, ದಯ್ಯಮಾ?" ಎಂದು ಕೂಗಿದಳು. ದೆವ್ವವಾ ಅಂತ. ನಾನು, "ದಯ್ಯಂ ಕಾದಮ್ಮಾ, ಬೆಂಡು" ಅಂದೆ. ಮೇಷ್ಟ್ರು ವಾಪಸು ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದರು.

ಇನ್ನು ನನ್ನ ತಪ್ಪಿನ ಕಥೆ. ಆಯುಧಪೂಜೆ ಬಂತು. ಸ್ಕೂಲಿನಲ್ಲಿ ಗಂಟೆಗೆ, ಬಡಗಿ ಸಾಮಾನಿಗೆ ಪೂಜೆ ಮಾಡುತ್ತಾರೆ. ಸೈನ್ಸ್ ರೂಮಿನ ಸಾಮಾನಿಗೆ ನನ್ನ ಗಂಡ ಮಾಡುತ್ತಿದ್ದ. ಈಗ ಯಾರು? ಗಂಡ ಸತ್ತವಳು ಅರಿಶಿನ ಕುಂಕುಮ ಮುಟ್ಟಬಾರದು ಅನ್ನುತ್ತಿದ್ದ ಕಾಲ. ಅನ್ನ ಕೊಡುವ ಸಾಮಾನು ಆ ವರ್ಷ ಬೋಳಾಗಿ ಇರಬೇಕಾ ಅನ್ನಿಸಿತು. ಪೀರ್‌ಸಾಬಿ ಬಾಗಿಲು ತೆಗೆದು ಅತ್ತ ಹೋದ ಮೇಲೆ ನಾನೇ ಅರಿಶಿನ ಕುಂಕುಮ ಇಟ್ಟೆ. ತಕ್ಕಡಿಗೆ, ಕಲ್ಲಿನ ಪೀಠಕ್ಕೆ, ಮತ್ತೆ ಗುಂಡು ನಿಲ್ಲಿಸುವ ಗಾಜಿನ ಕಡ್ಡಿಗೆ ಮೂರು ಕಡೆ. ಯಾರಾದರೂ ನೋಡಿಯಾರೆಂದು ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ.

ದಸರಾ ರಜ ಮುಗಿಯಿತು. ನಾಳೆ ಇನ್‌ಸ್ಪೆಕ್ಟರು ಬರುತ್ತಾರೆ ಅನ್ನುವ ದಿನ ಮೇಷ್ಟ್ರು ಎಲ್ಲ ಜೋಡಿಸಿ ನೋಡಿದರು. ಗುಂಡು ಸರಿಯಿತು, ನಾನು ಓದುವಷ್ಟರಲ್ಲಿ ನಿದ್ದೆ ಬಂದವರ ತಲೆಯ ಹಾಗೆ ತನ್ನ ಜಾಗಕ್ಕೆ ವಾಲಿಬಿಟ್ಟಿತು. ಹೊರಗೆ ಜಡಿಮಳೆ. ತೇವ ಇರಬೇಕೆಂದು ಇದ್ದಿಲ ಕುಂಪಟಿ ಇಟ್ಟು ಒಣಗಿಸಿದೆವು. ಆಗಲಿಲ್ಲ. ದಾರ ಬದಲಾಯಿಸಿದರು. ಗುಂಡು ಬದಲಾಯಿಸಿದರು. ಕೋಲನ್ನು ಮತ್ತೆ ತೊಳೆದರು. ಮಧ್ಯಾಹ್ನ ಮೂರಾದರೂ ಊಟ ಮಾಡಲಿಲ್ಲ.

ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಕುಂಕುಮ ಇಟ್ಟೆ ಅಂದರೆ ಹೆಡ್‌ಮೇಷ್ಟ್ರ ಕಿವಿಗೆ ಬೀಳುತ್ತದೆ, ಆವತ್ತೇ ಮನೆಗೆ ಕಳಿಸುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಬೈರಕೂರಿನಲ್ಲಿ ಅತ್ತಿಗೆಯ ಒಲೆ ಮುಂದೆ ಕೂರಬೇಕು. ಇದು ನನ್ನ ಲೆಕ್ಕ.

ಕೊನೆಗೆ ಮೇಷ್ಟ್ರು ಸ್ಟೂಲಿನ ಮೇಲೆ ಕೂತು, "ನಾಳೆ ಈ ಪ್ರಯೋಗ ಬೇಡ ಅಂತ ಹೇಳ್ಬಿಡ್ತೀನಿ. ನಾನೇ ಎಲ್ಲೋ ತಪ್ಪು ಮಾಡಿದೀನಿ" ಅಂದರು.

ಅವರು ನನ್ನನ್ನು ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ತಮ್ಮನ್ನು ಬೈದುಕೊಂಡರಲ್ಲ, ಅದನ್ನು ತಡೆಯಲಾಗಲಿಲ್ಲ.

"ನೀವಲ್ಲ ಸ್ವಾಮಿ. ಪೂಜೆ ದಿನ ಗಾಜಿನ ಕಡ್ಡಿಗೆ ಅರಿಶಿನ ಕುಂಕುಮ ಇಟ್ಟೆ. ನಾನೇ ಇಟ್ಟೆ."

ಅವರು ತಲೆ ಎತ್ತಿದರು. "ಎಷ್ಟು ಕಡೆ?"

"ಮೂರು ಕಡೆ."

"ಒರೆಸಿದ್ದು ಒದ್ದೆ ಬಟ್ಟೇಲಾ?"

"ಹೂಂ ಸ್ವಾಮಿ."

"ಹಾಗಾದ್ರೆ ಕಡ್ಡಿ ಪೂರ್ತಿ ಬಳಿದುಬಿಟ್ಟಿದೀಯ! ಕುಂಕುಮದಲ್ಲಿ ಸುಣ್ಣ ಇರುತ್ತೆ, ತೇವ ಎಳ್ಕೊಳ್ಳುತ್ತೆ, ಎಲ್ಲಾ ಅಲ್ಲೇ ಸೋರ್ತಿದೆ!" ಎಂದು ಎದ್ದು ನಿಂತರು. ಸಿಟ್ಟಲ್ಲ, ಖುಷಿ. ಕಳೆದ ಎಮ್ಮೆ ಸಿಕ್ಕಿದವರ ಮುಖ ಹಾಗಿರುತ್ತದೆ. ಗಂಡ ಸತ್ತವಳು ಯಾಕೆ ಇಟ್ಟೆ ಎಂದು ಆ ಪುಣ್ಯಾತ್ಮ ಆವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. "ಮುಂದಿನ ವರ್ಷ ಬೀರುವಿನ ಬಾಗಿಲಿಗೆ ಇಡು. ನಿನ್ನ ಗಂಡ ಅಲ್ಲೇ ಇಡ್ತಿದ್ದ" ಅಂದರು ಅಷ್ಟೇ.

ನಾನು ಮಳೆಯಲ್ಲೇ ಆಚಾರಿಗಳ ಬೀದಿಗೆ ಓಡಿ ಹೊಸ ಅರಗು ತಂದೆ. ಹಳೆಯ ಅರಗನ್ನು ಕೆರೆದು, ಕಡ್ಡಿಯನ್ನು ಸೋಡಾದಲ್ಲಿ ತೊಳೆದು, ಒಣಗಿಸಿ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದೆವು. ಹೊತ್ತು ಮುಳುಗುವುದರೊಳಗೆ ಮುಗಿಯಿತು. ಪರೀಕ್ಷೆ ಮಾಡಿ ನೋಡಲು ಅರಗು ಆರಬೇಕಿತ್ತು. ನೋಡದೆಯೇ ಮನೆಗೆ ಹೋದೆವು.

ಮಾರನೇ ದಿನವೂ ತುಂತುರು. ಇನ್‌ಸ್ಪೆಕ್ಟರು ವಯಸ್ಸಾದವರು, ಪೇಟ, ಕೋಟು, ಕೈಯಲ್ಲಿ ಕೊಡೆ. ಹುಡುಗರ ನೋಟ್‌ಬುಕ್ಕು ತಿರುವಿಹಾಕಿ, "ಎಲ್ಲರದ್ದೂ ಎರಡು, ಎಂಟು. ಮಾಲೂರಲ್ಲೂ ಎರಡು, ಎಂಟು. ಪುಸ್ತಕದಲ್ಲೂ ಎರಡು, ಎಂಟು. ನಿಜವಾಗಿ ಯಾರಾದ್ರೂ ನೋಡಿದೀರೇನ್ರಯ್ಯಾ?" ಅಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು.

"ಸುಬ್ಬರಾಯಪ್ಪನೋರೆ, ಮಾಡಿ ತೋರಿಸಿ. ನೀವು ಓದ್ಬೇಡಿ, ಹುಡುಗರೂ ಬೇಡ. ದಿನಾ ಯಾರು ಓದೋದು?"

"ಇವಳು ಸಾರ್."

ಹೆಡ್‌ಮೇಷ್ಟ್ರು ಬೆವರು ಒರೆಸಿಕೊಂಡರು. "ನಾಲ್ಕನೇ ಕ್ಲಾಸು ಸಾರ್ ಅವಳು."

"ಹತ್ತರ ತನಕ ಎಣಿಸೋಕೆ ಬರುತ್ತಲ್ಲ. ಸಾಕು. ಓದಮ್ಮ."

ಕೋಲು ಉಜ್ಜಿದೆ, ಎರಡು ಗುಂಡಿಗೂ ಮುಟ್ಟಿಸಿದೆ. ತೂಗುವ ಗುಂಡು ಸರಿಯಿತು, ವಾಲಲಿಲ್ಲ. ಹೊಸ ಅರಗು ಹಿಡಿದುಕೊಂಡಿತ್ತು. ಮೇಷ್ಟ್ರು ಸ್ಟ್ಯಾಂಡು ಸರಿಸಿ ನಡುವೆ ನಾಲ್ಕು ಅಂಗುಲ ಬರುವ ಹಾಗೆ ನಿಲ್ಲಿಸಿದರು. ನಾನು ಒಂದು ಕಣ್ಣು ಮುಚ್ಚಿ ನೋಡಿದೆ. "ಎರಡು ಗೆರೆ."

ಸ್ಟ್ಯಾಂಡು ಹತ್ತಿರ ತಂದರು, ಎರಡು ಅಂಗುಲ. ಗುಂಡು ಇನ್ನೂ ಹಿಂದಕ್ಕೆ ಹೋಯಿತು. ನೋಡಿದೆ. ತಲೆ ಸರಿಮಾಡಿಕೊಂಡು ಮತ್ತೆ ನೋಡಿದೆ. ಎಂಟಿಲ್ಲ. ಏಳು.

ಎಂಟು ಅನ್ನುವುದು ನನಗೆ ಗೊತ್ತಿತ್ತು. ಎಂಟು ಅಂದರೆ ಎಲ್ಲರೂ ನಗುತ್ತಾರೆ, ಪುಸ್ತಕಕ್ಕೂ ಸರಿ, ಕೆಲಸವೂ ಖಾಯಂ. ಆ ಗುಂಡಿನ ಎದುರಿಗೆ ನನ್ನ ಕಣ್ಣೊಂದೇ ಇತ್ತು, ಬೇರೆ ಯಾರೂ ನೋಡಲಾರರು. ಇನ್‌ಸ್ಪೆಕ್ಟರ ಬೆನ್ನ ಹಿಂದಿನಿಂದ ಹೆಡ್‌ಮೇಷ್ಟ್ರು ಮೆಲ್ಲಗೆ, "ಎಂಟಲ್ವೇನಮ್ಮ? ಸರಿಯಾಗಿ ನೋಡು" ಅಂದರು.

"ಏಳು ಸ್ವಾಮಿ."

"ಇನ್ನೊಂದ್ಸಲ ನೋಡು."

"ಎರಡು ಸಲ ನೋಡಿದೆ. ಏಳು."

ಹೆಡ್‌ಮೇಷ್ಟ್ರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಗಂಟುಮೂಟೆ ಕಟ್ಟಿಯಾಗಿತ್ತು. ಸುಬ್ಬರಾಯಪ್ಪನವರು ಮಾತ್ರ ಹುಬ್ಬೂ ಏರಿಸಲಿಲ್ಲ. ಬೋರ್ಡಿನ ಮೇಲೆ ಏಳು ಎಂದು ಬರೆದು, ಬೇಗನೆ ಸ್ಟ್ಯಾಂಡನ್ನು ಮತ್ತೆ ನಾಲ್ಕು ಅಂಗುಲಕ್ಕೆ ತಂದರು. ಮೊದಲ ಓದಿಗೂ ಎರಡನೆಯದಕ್ಕೂ ನಡುವೆ ಎಷ್ಟು ಹೊತ್ತೋ, ಎರಡನೆಯದಕ್ಕೂ ಇದಕ್ಕೂ ಅಷ್ಟೇ ಹೊತ್ತು. ಗಡಿಯಾರ ನೋಡಿಕೊಂಡೇ ಮಾಡಿದರು.

"ಈಗ ಓದಮ್ಮ."

ಮೊದಲು ಎರಡಿದ್ದದ್ದು ಈಗ ಕಡಿಮೆ. "ಒಂದೂವರೆ."

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹುಡುಗರಿಗೆ ಹೇಳುವ ಹಾಗೆ ಹೇಳಿದರು. ಮಳೆ, ಗಾಳಿಯಲ್ಲಿ ತೇವ, ವಿದ್ಯುತ್ತು ಸ್ವಲ್ಪ ಸ್ವಲ್ಪ ಸೋರುತ್ತಿದೆ. ನಾಲ್ಕು ಅಂಗುಲದಲ್ಲಿ ಮೊದಲು ಎರಡು, ಕೊನೆಗೆ ಒಂದೂವರೆ. ಹಾಗಾದರೆ ನಡುವೆ, ಏಳು ಓದಿದ ಹೊತ್ತಿನಲ್ಲಿ, ನಾಲ್ಕು ಅಂಗುಲದಲ್ಲಿ ಎಷ್ಟಿರುತ್ತಿತ್ತು? ಒಂದೂಮುಕ್ಕಾಲು. ಒಂದೂಮುಕ್ಕಾಲಿನ ನಾಲ್ಕರಷ್ಟು ಎಷ್ಟು?

ಹಿಂದಿನ ಬೆಂಚಿನಿಂದ ಯಾರೋ, "ಏಳು ಸಾರ್!" ಎಂದು ಕೂಗಿದರು.

ಇನ್‌ಸ್ಪೆಕ್ಟರು ಕೊಡೆಯನ್ನು ಮೇಜಿಗೆ ಒರಗಿಸಿ, ಸೀಮೆಸುಣ್ಣ ತಗೊಂಡು ತಾವೇ ಗುಣಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲಮ್ಮ, ಎಂಟು ಅಂತ ನಿಮ್ಮ ಹೆಡ್‌ಮೇಷ್ಟ್ರೇ ಹೇಳಿಕೊಟ್ರಲ್ಲ. ಯಾಕೆ ಹೇಳ್ಲಿಲ್ಲ?"

"ಎಂಟು ಕಂಡಿದ್ರೆ ಎಂಟು ಅಂತಿದ್ದೆ ಸ್ವಾಮಿ."

ಅವರು ನಗಲಿಲ್ಲ, ಹೊಗಳಲೂ ಇಲ್ಲ. ಗುಂಡನ್ನು ಕೆತ್ತಿದ್ದು ಯಾರು, ಅರಗು ಬಳಿದದ್ದು ಯಾರು ಎಂದು ಕೇಳಿಕೊಂಡು ಪುಸ್ತಕದಲ್ಲಿ ಏನೋ ಇಂಗ್ಲಿಷಿನಲ್ಲಿ ಬರೆದು ಹೋದರು. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಪೀರ್‌ಸಾಬಿ ಬಂದು ಬೀಗದ ಕೈಯನ್ನು ನನ್ನ ಮುಂದೆ ಹಿಡಿದ. "ತಗೋ ಅವ್ವಾ, ಹೆಡ್‌ಮೇಷ್ಟ್ರು ಕೊಡು ಅಂದ್ರು. ನಾಳೆಯಿಂದ ನನ್ನ ನಿದ್ದೆ ಕೆಡಿಸ್ಬೇಡ." ಆ ಬೀಗದ ಕೈ ನಾನು ರಿಟೈರಾಗುವ ತನಕ ನನ್ನ ಸೊಂಟದಲ್ಲಿತ್ತು.

ಮಂಜುಳಾ, ಈಗ ನಿಮ್ಮಲ್ಲಿ ಮುಳ್ಳು ತಿರುಗುವ ಮೀಟರು, ಸ್ವಿಚ್ಚು ಎಲ್ಲ ಬಂದಿವೆ. ಬೆಂಡು ಯಾರೂ ಕೆತ್ತುವುದಿಲ್ಲ. ಇರಲಿ. ಕೈ ತೊಳೆದುಕೊಂಡು ಹೋಗು. ಪೂಜೆ ಮಾಡಬೇಕು ಅನ್ನಿಸಿದರೆ ಬೀರುವಿನ ಬಾಗಿಲಿಗೆ ಮಾಡು. ಅದರಾಚೆಗೆ ನಿನಗೆ ಹೇಳಬೇಕಾದದ್ದು ಇದೊಂದೇ.

ಇನ್‌ಸ್ಪೆಕ್ಟರು ಬಂದುಹೋದ ವರ್ಷವೇ ಶಿವರಾತ್ರಿ ಹತ್ತಿರ ಬಂದಾಗ ಗಾಳಿ ಹಪ್ಪಳದ ಹಾಗೆ ಒಣಗಿತ್ತು. ಒಂದು ಮಧ್ಯಾಹ್ನ ಹುಡುಗರು ಇಲ್ಲದಾಗ ಮೇಷ್ಟ್ರು, "ನಾರಾಯಣಮ್ಮ, ಅದನ್ನ ಇನ್ನೊಂದ್ಸಲ ನೋಡೋಣ" ಅಂದರು. ಪೆಟ್ಟಿಗೆ ತೆಗೆದು ಜೋಡಿಸಿದೆ. ನಾಲ್ಕು ಅಂಗುಲದಲ್ಲಿ ಎರಡು ಗೆರೆ. ಹತ್ತಿರ ತಂದರು. ಗುಂಡು ತನ್ನ ಬಿಂಬದ ಮುಂದೆ ಅಲುಗದೆ ನಿಂತಿತ್ತು. ನಾನು ಬೇಕೆಂದೇ ಮೂರು ಸಲ ನೋಡಿದೆ.

"ಎಂಟು ಸ್ವಾಮಿ."

ಅವರು ನನಗೆ ಇನ್ನೊಮ್ಮೆ ನೋಡು ಅನ್ನಲಿಲ್ಲ. ಸುಮ್ಮನೆ ಎಂಟು ಎಂದು ಬರೆದುಕೊಂಡರು.